ನಾಲ್ಕು ಕವಡೆ, ಹದಿನಾರು ಗರ

ಸಂಸ್ಮರಣ ಸಂಚಿಕೆಯ ಸಮಿತಿಯವರು ನನ್ನಿಂದಲೂ ಒಂದು ಲೇಖನವನ್ನು ಅಪೇಕ್ಷಿಸಿದಾಗ, ಮುಖ್ಯೋಪಾಧ್ಯಾಯಿನಿಯಾದವಳು ಬರೆಯತಕ್ಕದ್ದೇನು ಎಂಬ ಯೋಚನೆಯಲ್ಲಿಯೇ ಕೆಲವು ದಿನಗಳು ಕಳೆದುಹೋದುವು. ಕಟ್ಟಡ, ಪರೀಕ್ಷೆಯ ಫಲಿತಾಂಶ, ಬಹುಮಾನ ಇವುಗಳ ವಿಚಾರವೆಲ್ಲ ವಾರ್ಷಿಕ ವರದಿಯಲ್ಲಿ ಬಂದೇ ಬರುವುದು. ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ಅದನ್ನೇ ಮತ್ತೊಮ್ಮೆ ಬಡಿಸುವುದಕ್ಕಿಂತ, ಪಾಠದ ಕೊಠಡಿಯಲ್ಲಿ ನಾನೇ ಮಾಡಿದ ಒಂದು ತಪ್ಪನ್ನೂ ಅದನ್ನು ತಿದ್ದಿಕೊಂಡ ಬಗೆಯನ್ನೂ ತಿಳಿಸುವುದು ಹೆಚ್ಚು ಪ್ರಯೋಜನಕರವೆಂದು ತೋರಿತು. ಆ ತಪ್ಪು ಗಣಿತಕ್ಕೆ ಸಂಬಂಧಿಸಿದ್ದು. ಆದರೆ ಅದರ ಪರಿಣಾಮವು ಗಣಿತದ ಪುಸ್ತಕದೊಳಗೇ ನಿಲ್ಲದೆ, ಶ್ರೀನಿವಾಸಪುರದ ಕಡೆಯ ಒಂದು ಮನೆಯೊಳಕ್ಕೂ ಹೋಯಿತು. ಗಣಿತವೆಂದೊಡನೆ ಪುಟವನ್ನು ಮಗುಚುವ ಅಭ್ಯಾಸವುಳ್ಳವರು ಈ ಒಂದು ಸಾರಿ ತಾಳ್ಮೆ ವಹಿಸಬೇಕೆಂದು ಬೇಡುತ್ತೇನೆ. ಇದರಲ್ಲಿ ನಾಲ್ಕು ಕವಡೆಗಳಿಗಿಂತ ಕಠಿನವಾದ ವಸ್ತು ಯಾವುದೂ ಇಲ್ಲ.

ನಾನು ಹುಟ್ಟಿ ಬೆಳೆದದ್ದು ಮುಳಬಾಗಿಲು ಸೀಮೆಯ ಒಂದು ಹಳ್ಳಿಯಲ್ಲಿ. ನಮ್ಮ ತಂದೆಯವರು ಮಿಷನ್ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದರು. ಮನೆಯಲ್ಲಿ ದಾಳವೆಂಬ ಪದಾರ್ಥಕ್ಕೆ ಪ್ರವೇಶವಿರಲಿಲ್ಲ. ಶಿಲುಬೆಯ ಬುಡದಲ್ಲಿ ಸಿಪಾಯಿಗಳು ಸ್ವಾಮಿಯ ಅಂಗಿಗಾಗಿ ಚೀಟು ಹಾಕಿದರೆಂಬ ವೃತ್ತಾಂತವನ್ನು ತಂದೆಯವರು ಎಷ್ಟು ಗಂಭೀರವಾಗಿ ಓದುತ್ತಿದ್ದರೆಂದರೆ, ದಾಳವನ್ನು ಮುಟ್ಟಿದ ಕೈಗೆ ಪಾಪ ತಗಲುವುದೆಂದೇ ನಾವು ಭಾವಿಸಿದ್ದೆವು. ಆದರೆ ನಮ್ಮ ಅಜ್ಜಿಯವರ ಪೆಟ್ಟಿಗೆಯಲ್ಲಿ ನಾಲ್ಕು ಹಳೆಯ ಕವಡೆಗಳಿದ್ದುವು. ತಂದೆಯವರು ಆಕ್ಷೇಪಿಸಿದಾಗಲೆಲ್ಲ, ಯೂದನ ಸ್ಥಾನಕ್ಕೆ ಮತ್ತೀಯನನ್ನು ಆರಿಸಿದ್ದೂ ಚೀಟಿನಿಂದಲೇ ಅಲ್ಲವೇ ಎಂದು ಅಜ್ಜಿ ಕೇಳುತ್ತಿದ್ದರು. ತಂದೆಯವರು ನಕ್ಕು ಸುಮ್ಮನಾಗುತ್ತಿದ್ದರು. ಹೀಗೆ ಬೇಸಗೆಯ ರಜದಲ್ಲಿ ಮಾತ್ರ, ಪಣವಿಲ್ಲದೆ, ಚೌಕಾಬಾರ ಆಡುವುದಕ್ಕೆ ನಮಗೆ ಅಪ್ಪಣೆಯಾಯಿತು.

ಆ ಆಟವನ್ನು ಕೋಲಾರದ ಸೀಮೆಯ ಹೆಣ್ಣುಮಕ್ಕಳಿಗೆ ವಿವರಿಸುವುದು ಅನಾವಶ್ಯಕವಾದರೂ, ಮುಂದಿನ ಲೆಕ್ಕಕ್ಕಾಗಿ ಸ್ವಲ್ಪ ಹೇಳಬೇಕಾಗಿದೆ. ಜಗಲಿಯ ಕಲ್ಲಿನ ಮೇಲೆ ಐದೈದರಂತೆ ಇಪ್ಪತ್ತೈದು ಮನೆಗಳನ್ನು ಬರೆದು, ನಾಲ್ಕು ಬದಿಗಳ ನಡುಮನೆಗಳಿಗೂ ಮಧ್ಯದ ಮನೆಗೂ ಅಡ್ಡಗೀಟುಗಳನ್ನೆಳೆದರೆ ಆಟದ ಮಣೆ ಸಿದ್ಧವಾಯಿತು. ಬಳೆಚೂರು, ಹರಳು, ಕಡ್ಡಿಯ ತುಂಡು, ಕೈಗೆ ಸಿಕ್ಕಿದ್ದೇ ಕಾಯಿ. ನಾಲ್ಕು ಕವಡೆಗಳನ್ನು ಚೆಲ್ಲಿದಾಗ ಎಷ್ಟು ಕವಡೆಗಳ ಬಾಯಿ ಮೇಲಾಗಿರುವುದೋ ಅಷ್ಟು ಗರ. ನಾಲ್ಕೂ ಬಾಯಿ ಮೇಲಾಗಿ ಬಿದ್ದರೆ ಚೌಕ, ಎಂದರೆ ನಾಲ್ಕು. ನಾಲ್ಕೂ ಬೋರಲಾಗಿ ಬಿದ್ದರೆ ಸೊನ್ನೆಯಲ್ಲ, ಬಾರಾ, ಎಂದರೆ ಎಂಟು. ಚೌಕವಾಗಲಿ ಬಾರಾ ಆಗಲಿ ಬಿದ್ದವರಿಗೆ ಇನ್ನೊಂದು ಸಾರಿ ಚೆಲ್ಲುವ ಹಕ್ಕು. ಕವಡೆಯಿಲ್ಲದ ಮನೆಗಳಲ್ಲಿ ಹುಣಸೆ ಬೀಜಗಳನ್ನು ಒರಟುಕಲ್ಲಿನ ಮೇಲೆ ಒಂದು ಮಗ್ಗುಲಿಗೆ ಬಿಳಿ ಕಾಣುವವರೆಗೆ ತೇಯ್ದು ಉಪಯೋಗಿಸುವರು. ತೆಲುಗು ಮನೆಮಾತಾಗಿರುವ ಕುಟುಂಬಗಳಲ್ಲಿ ಇದೇ ಆಟಕ್ಕೆ ಅಷ್ಟಾ ಚಮ್ಮಾ ಎಂದು ಹೆಸರು. ಚಮ್ಮಾ ಎಂಬುದು ನಾಲ್ಕು, ಅಷ್ಟಾ ಎಂಬುದು ಎಂಟು.

ಇಲ್ಲಿ ನನ್ನ ಸ್ವಂತ ವಿಷಯವನ್ನು ಒಂದು ಮಾತಿನಲ್ಲಿ ಹೇಳಿಬಿಡುವೆನು. ನಮ್ಮ ತಾಯಿಗೆ ನಾನು ನಾಲ್ಕನೆಯ ಮಗಳು. ಮೊದಲಿನ ಮೂವರೂ ಹೆಣ್ಣುಮಕ್ಕಳಾದುದರಿಂದ ನಾಲ್ಕನೆಯದು ಗಂಡಾಗಲೇಬೇಕೆಂದು ಬಂಧುಗಳೆಲ್ಲ ನಿಶ್ಚಯಿಸಿಕೊಂಡಿದ್ದರಂತೆ. ನಾನು ಹುಟ್ಟಿದ ಸುದ್ದಿಯನ್ನು ಕೇಳಿ ನೆರೆಮನೆಯವರು ಸಂತಾಪ ಹೇಳುವವರಂತೆ ಬಂದರಂತೆ. ಆಗ ಅಜ್ಜಿಯವರು ಬಾಗಿಲಲ್ಲಿ ನಿಂತು, "ನಾಲ್ಕೂ ಒಂದೇ ಕಡೆಗೆ ಬಿದ್ದಿವೆ. ಬಾರಾ ಬಿದ್ದ ಮನೆಯಲ್ಲಿ ಯಾರಾದರೂ ಅಳುವುದುಂಟೇ?" ಎಂದರಂತೆ. ಈ ಕಥೆಯನ್ನು ಅಕ್ಕಂದಿರು ನನಗೆ ಹೇಳಿ ನಗಿಸುತ್ತಿದ್ದರು. ಅದರೊಳಗೊಂದು ಲೆಕ್ಕ ಅಡಗಿದೆಯೆಂಬುದು ನನಗೆ ತಿಳಿದದ್ದು ಉಪಾಧ್ಯಾಯಿನಿಯಾದ ಮೇಲೆ.

ಹತ್ತನೆಯ ತರಗತಿಯ ಗಣಿತದಲ್ಲಿ ಸಂಭವನೀಯತೆಯೆಂಬ ಅಧ್ಯಾಯವಿದೆ. ಒಂದು ಪ್ರಯೋಗದಲ್ಲಿ ಏನೇನಾಗಬಹುದೋ ಅವನ್ನೆಲ್ಲ ಒಂದನ್ನೂ ಬಿಡದೆ, ಒಂದನ್ನೂ ಎರಡು ಸಾರಿ ಹೇಳದೆ ಬರೆದಿಟ್ಟರೆ ಅದಕ್ಕೆ ಫಲಿತಗಣವೆಂದು ಹೆಸರು. ಅವೆಲ್ಲವೂ ಸಮಸಂಭವನೀಯವಾಗಿದ್ದರೆ, ಎಂದರೆ ಯಾವುದಕ್ಕೂ ಮತ್ತೊಂದಕ್ಕಿಂತ ಹೆಚ್ಚು ಅನುಕೂಲವಿಲ್ಲದಿದ್ದರೆ, ನಮಗೆ ಬೇಕಾದ ಫಲಿತಗಳ ಸಂಖ್ಯೆಯನ್ನು ಒಟ್ಟು ಫಲಿತಗಳ ಸಂಖ್ಯೆಯಿಂದ ಭಾಗಿಸಿದಾಗ ಬರುವುದೇ ಸಂಭವನೀಯತೆ. ದಾಳವೊಂದಕ್ಕೆ ಆರು ಮುಖ. ಐದು ಬೀಳುವ ಸಂಭವ ಆರರಲ್ಲಿ ಒಂದು. ಇಷ್ಟು ಎಲ್ಲರಿಗೂ ಸುಲಭವಾಗಿ ತಿಳಿಯುವುದು. ಕಷ್ಟವು ಎರಡನೆಯ ದಾಳವನ್ನು ಕೈಗೆ ತೆಗೆದುಕೊಂಡಾಗ ಆರಂಭವಾಗುವುದು.

ಆ ವರ್ಷವೂ ಹಾಗೆಯೇ ಆಯಿತು. ಎರಡು ದಾಳಗಳನ್ನು ಒಟ್ಟಿಗೆ ಹಾಕಿದರೆ ಬರುವ ಮೊತ್ತ ಎಷ್ಟೆಷ್ಟಿರಬಹುದು ಎಂದು ಕೇಳಿದೆನು. ಮಾಲೂರಿನಿಂದ ಬರುವ ಚುರುಕಾದ ಹುಡುಗಿಯೊಬ್ಬಳು, "ಎರಡರಿಂದ ಹನ್ನೆರಡರವರೆಗೆ, ಅಮ್ಮಾ. ಒಟ್ಟು ಹನ್ನೊಂದು ಮೊತ್ತಗಳು. ಆದುದರಿಂದ ಏಳು ಬೀಳುವ ಸಂಭವ ಹನ್ನೊಂದರಲ್ಲಿ ಒಂದು" ಎಂದಳು. ತರಗತಿಯೆಲ್ಲ ತಲೆದೂಗಿತು. ನಾನು ಒಂದು ದಾಳಕ್ಕೆ ಕೆಂಪು ಮಸಿಯನ್ನೂ ಇನ್ನೊಂದಕ್ಕೆ ನೀಲಿ ಮಸಿಯನ್ನೂ ಬಳಿಸಿದೆನು. ಕೆಂಪಿನಲ್ಲಿ ಒಂದು, ನೀಲಿಯಲ್ಲಿ ಆರು. ಕೆಂಪಿನಲ್ಲಿ ಆರು, ನೀಲಿಯಲ್ಲಿ ಒಂದು: ಇವೆರಡೂ ಒಂದೇ ಸಂಗತಿಯೋ ಬೇರೆ ಬೇರೆಯೋ ಎಂದು ಕೇಳಿದಾಗ ಹುಡುಗಿಯರು ಯೋಚನೆಗೆ ಬಿದ್ದರು. ಹಲಗೆಯ ಮೇಲೆ ಆರು ಸಾಲು, ಆರು ಕಂಬಗಳ ಪಟ್ಟಿಯನ್ನು ಬರೆದೆವು. ಮೂವತ್ತಾರು ಮನೆಗಳಾದುವು. ಹನ್ನೆರಡೆಂಬುದು ಒಂದೇ ಮನೆಯಲ್ಲಿತ್ತು. ಏಳು ಮೂಲೆಯಿಂದ ಮೂಲೆಗೆ ಆರು ಮನೆಗಳಲ್ಲಿ ಕುಳಿತಿತ್ತು. ಏಳರ ಸಂಭವ ಆರರಲ್ಲಿ ಒಂದು, ಹನ್ನೆರಡರದು ಮೂವತ್ತಾರರಲ್ಲಿ ಒಂದು. ಹೆಸರುಗಳು ಹನ್ನೊಂದಿದ್ದ ಮಾತ್ರಕ್ಕೆ ಅವೆಲ್ಲಕ್ಕೂ ಸಮಪಾಲು ಸಿಕ್ಕುವುದಿಲ್ಲವೆಂಬುದು ಕಣ್ಣಿಗೆ ಕಾಣಿಸಿತು.

ಮಾಲೂರಿನ ಹುಡುಗಿ ನಾಚಿಕೊಂಡಳು. ಅವಳಿಗೆ ಧೈರ್ಯ ಹೇಳುವುದಕ್ಕಾಗಿ ದೊಡ್ಡವರ ತಪ್ಪುಗಳನ್ನು ಹೇಳಿದೆನು. ಫ್ರಾನ್ಸ್ ದೇಶದ ದಲಂಬೇರ್ ಎಂಬ ಪ್ರಖ್ಯಾತ ಗಣಿತಜ್ಞನು ೧೭೫೪ರಲ್ಲಿ, ನಾಣ್ಯವನ್ನು ಎರಡು ಸಾರಿ ಚಿಮ್ಮಿದರೆ ಒಮ್ಮೆಯಾದರೂ ತಲೆ ಬೀಳುವ ಸಂಭವ ಮೂರರಲ್ಲಿ ಎರಡು ಎಂದು ವಿಶ್ವಕೋಶದಲ್ಲಿ ಬರೆದನು. ಮೊದಲೇ ತಲೆ ಬಿದ್ದರೆ ಆಟ ಮುಗಿಯಿತು, ಅದೊಂದು. ಹೂವಾದ ಮೇಲೆ ತಲೆ, ಅದೊಂದು. ಎರಡೂ ಹೂ, ಅದೊಂದು. ಹೀಗೆ ಮೂರೇ ಸಂಗತಿಗಳೆಂಬುದು ಅವನ ಎಣಿಕೆ. ಮೊದಲನೆಯದರೊಳಗೆ ಎರಡು ಸಂಗತಿಗಳು ಸೇರಿರುವುದನ್ನು ಅವನು ಗಣಿಸಲಿಲ್ಲ. ಸರಿಯಾದ ಉತ್ತರ ನಾಲ್ಕರಲ್ಲಿ ಮೂರು. ಇದಕ್ಕೂ ಮುಂಚೆ, ಹದಿನೇಳನೆಯ ಶತಮಾನದ ಆದಿಭಾಗದಲ್ಲಿ, ಇಟಲಿಯ ಗೆಲಿಲಿಯೋ ಎಂಬ ಮಹಾನುಭಾವನ ಮುಂದೆ ಜೂಜುಗಾರರ ಒಂದು ಪ್ರಶ್ನೆ ಬಂದಿತ್ತು. ಮೂರು ದಾಳಗಳಲ್ಲಿ ಒಂಬತ್ತು ಆಗುವುದಕ್ಕೂ ಆರು ಜೋಡಣೆಗಳು, ಹತ್ತು ಆಗುವುದಕ್ಕೂ ಆರು ಜೋಡಣೆಗಳು. ಆದರೂ ಹತ್ತು ಸ್ವಲ್ಪ ಹೆಚ್ಚಾಗಿ ಬೀಳುವುದೇಕೆ? ಗೆಲಿಲಿಯೋ ತಾಳ್ಮೆಯಿಂದ ೨೧೬ ಬಗೆಗಳನ್ನೂ ಎಣಿಸಿ, ಒಂಬತ್ತಕ್ಕೆ ೨೫ ದಾರಿಗಳು, ಹತ್ತಕ್ಕೆ ೨೭ ದಾರಿಗಳು ಎಂದು ತೋರಿಸಿದನು. ಮೂರು ಮೂರು ಮೂರು ಎಂಬುದು ಒಂದೇ ರೀತಿಯಲ್ಲಿ ಬೀಳಬಲ್ಲುದು. ನಾಲ್ಕು ಮೂರು ಎರಡು ಎಂಬುದಾದರೋ ಆರು ರೀತಿಯಲ್ಲಿ.

ನಮ್ಮ ಮಹಾಭಾರತದ ನಳೋಪಾಖ್ಯಾನದಲ್ಲಿಯೂ ಇದಕ್ಕೆ ಹತ್ತಿರವಾದ ಒಂದು ಸಂದರ್ಭವಿದೆ. ಋತುಪರ್ಣ ರಾಜನು ರಥದಲ್ಲಿ ಹೋಗುತ್ತ ತಾರೆಯ ಮರವೊಂದರ ಎಲೆಕಾಯಿಗಳ ಸಂಖ್ಯೆಯನ್ನು ಹೇಳಿದನು. ಸಾರಥಿಯ ವೇಷದಲ್ಲಿದ್ದ ನಳನು ಅದನ್ನು ಬಾಯಿಮಾತಿನಿಂದ ನಂಬದೆ, ರಥವನ್ನು ನಿಲ್ಲಿಸಿ, ಇಳಿದು ಹೋಗಿ ಎಣಿಸಿ ನೋಡಿದನು. ಆ ಮೇಲೆಯೇ ಅವನಿಗೆ ಅಕ್ಷಹೃದಯ, ಎಂದರೆ ದಾಳದ ಮರ್ಮ, ದೊರಕಿತು. ಪೂರ್ವಕಾಲದಲ್ಲಿ ತಾರೆಯ ಕಾಯಿಯೇ ದಾಳವಾಗಿತ್ತೆಂಬುದನ್ನು ನೆನೆದರೆ ಈ ಕಥೆಯ ಔಚಿತ್ಯ ಇನ್ನೂ ಹೆಚ್ಚುವುದು. ದಾಳದ ಮರ್ಮವನ್ನು ಬಯಸಿದವನು ಮೊದಲು ಮರದ ಕೆಳಗೆ ನಿಂತು ಎಣಿಸಬೇಕು.

ಮರುದಿನ ನಾನು ಅಜ್ಜಿಯವರ ನಾಲ್ಕು ಕವಡೆಗಳನ್ನು ತರಗತಿಗೆ ಕೊಂಡುಹೋದೆನು. ಗರಗಳು ಐದು: ಒಂದು, ಎರಡು, ಮೂರು, ಚೌಕ, ಬಾರಾ. "ಹಾಗಾದರೆ ಒಂದೊಂದಕ್ಕೂ ಐದರಲ್ಲಿ ಒಂದು ಸಂಭವವೇ?" ಎಂದು ಕೇಳಿದೆನು. ಈ ಸಾರಿ ಯಾರೂ ಮೋಸಹೋಗಲಿಲ್ಲ. ಒಂದೊಂದು ಕವಡೆಗೂ ಎರಡು ಗತಿಗಳು, ಬಾಯಿ ಮೇಲೆ ಅಥವಾ ಬೋರಲು. ಎರಡೆರಡಲ ನಾಲ್ಕು, ನಾಲ್ಕೆರಡಲ ಎಂಟು, ಎಂಟೆರಡಲ ಹದಿನಾರು. ಹದಿನಾರು ಸಾಲುಗಳನ್ನೂ ಹಲಗೆಯ ಮೇಲೆ ಬರೆದೆವು. ಚೌಕಕ್ಕೆ ಒಂದೇ ಸಾಲು, ಬಾರಾಕ್ಕೆ ಒಂದೇ ಸಾಲು, ಒಂದರ ಗರಕ್ಕೆ ನಾಲ್ಕು, ಮೂರರ ಗರಕ್ಕೆ ನಾಲ್ಕು, ಎರಡರ ಗರಕ್ಕೆ ಆರು. ಒಟ್ಟು ಕೂಡಿದರೆ ಹದಿನಾರು. ಎರಡರ ಗರಕ್ಕೆ ಆರೇ ಏಕೆಂಬುದನ್ನು ಬೇರೊಂದು ರೀತಿಯಲ್ಲಿಯೂ ನೋಡಿದೆವು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿಸ್ತಶಕ ೮೫೦ರ ಸುಮಾರಿಗೆ, ಗಣಿತಸಾರಸಂಗ್ರಹವನ್ನು ರಚಿಸಿದ ಮಹಾವೀರಾಚಾರ್ಯನು, ಹಲವು ವಸ್ತುಗಳಿಂದ ಕೆಲವನ್ನು ಎಷ್ಟು ಬಗೆಯಲ್ಲಿ ಆರಿಸಬಹುದೆಂಬುದಕ್ಕೆ ಸಾಮಾನ್ಯ ಸೂತ್ರವನ್ನು ಕೊಟ್ಟಿರುವನು. ಅದರಂತೆ ನಾಲ್ಕು ಕವಡೆಗಳಲ್ಲಿ ಬಾಯಿ ಮೇಲಾಗತಕ್ಕ ಎರಡನ್ನು ಆರಿಸುವ ಬಗೆಗಳು ನಾಲ್ಕು ಮೂರಲ ಹನ್ನೆರಡನ್ನು ಒಂದೆರಡಲ ಎರಡರಿಂದ ಭಾಗಿಸಿದರೆ ಬರುವ ಆರು. ಪಾಸ್ಕಲ್ ಮತ್ತು ಫೆರ್ಮಾ ಎಂಬುವರು ಜೂಜಿನ ಲೆಕ್ಕವನ್ನು ಕುರಿತು ಪತ್ರ ಬರೆದುಕೊಂಡದ್ದು ೧೬೫೪ರಲ್ಲಿ. ಅವರಿಗೆ ಬೇಕಾಗಿದ್ದಂಥ ಎಣಿಕೆಯ ಸೂತ್ರವು ಅದಕ್ಕೆ ಎಂಟುನೂರು ವರ್ಷಗಳ ಮುಂಚೆಯೇ ಕನ್ನಡ ನಾಡಿನ ದೊರೆಯ ಆಶ್ರಯದಲ್ಲಿ ಬರೆಯಲ್ಪಟ್ಟಿತ್ತೆಂದು ಹೇಳಿದಾಗ ಹುಡುಗಿಯರಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಒಂದು ಮಾತನ್ನು ಎಚ್ಚರಿಕೆಗಾಗಿ ಹೇಳಿದೆನು. ಕವಡೆಯ ಎರಡು ಮಗ್ಗುಲುಗಳು ನಾಣ್ಯದಂತೆ ಸಮನಾದುವಲ್ಲ. ತೇಯ್ದ ಹುಣಸೆ ಬೀಜವೂ ಹಾಗೆಯೇ. ಆದುದರಿಂದ ಹದಿನಾರರಲ್ಲಿ ಒಂದೆಂಬ ಲೆಕ್ಕವು ಪಕ್ಷಪಾತವಿಲ್ಲದ ಕವಡೆಗೆ ಮಾತ್ರ ಸಲ್ಲತಕ್ಕದ್ದು. ಇಷ್ಟನ್ನು ಹೇಳಿ, ಪಾಠವು ಚೆನ್ನಾಗಿ ನಡೆಯಿತೆಂಬ ತೃಪ್ತಿಯಿಂದ ಕೊಠಡಿಯಿಂದ ಹೊರಗೆ ಬಂದೆನು. ಕೊನೆಯಲ್ಲಿ ಉದಾಹರಣೆಗೆಂದು ಇನ್ನೊಂದು ಮಾತನ್ನೂ ಸೇರಿಸಿದ್ದೆನು: ಒಂದು ಮನೆಯಲ್ಲಿ ನಾಲ್ಕು ಮಕ್ಕಳಿದ್ದರೆ ಗಂಡುಹೆಣ್ಣುಗಳ ಕ್ರಮವೂ ಹದಿನಾರು ಬಗೆ, ನಾಲ್ವರೂ ಹೆಣ್ಣಾಗುವುದು ಅದರಲ್ಲಿ ಒಂದೇ ಬಗೆ. ನನ್ನ ತಪ್ಪು ಆಗಿರುವುದು ಇಲ್ಲಿಯೇ. ಹೇಳಿದ್ದು ಸುಳ್ಳಲ್ಲ, ಆದರೆ ಅರ್ಧಕ್ಕೆ ನಿಲ್ಲಿಸಿದ್ದೆನು.

ಒಂದು ವಾರದ ಮೇಲೆ ಶ್ರೀನಿವಾಸಪುರದ ಕಡೆಯ ಹುಡುಗಿಯೊಬ್ಬಳು ನನ್ನ ಕೊಠಡಿಯ ಬಾಗಿಲಲ್ಲಿ ಬಂದು ನಿಂತಳು. ಓದಿನಲ್ಲಿ ಗಟ್ಟಿಗಳು, ಮಾತು ಕಡಮೆ. ಕಣ್ಣು ಕೆಂಪಗಾಗಿತ್ತು. ಸಮಾಧಾನ ಹೇಳಿ ಕೂರಿಸಿ ಕೇಳಿದಾಗ ವಿಷಯವೆಲ್ಲ ಹೊರಬಂದಿತು. ಅವಳ ಹಿಂದೆ ಇಬ್ಬರು ತಂಗಿಯರು. ಈಗ ತಾಯಿ ಮತ್ತೆ ಗರ್ಭಿಣಿ. ಶನಿವಾರ ಊರಿಗೆ ಹೋದವಳು ಶಾಲೆಯ ಪಾಠವನ್ನು ಸಂಭ್ರಮದಿಂದ ಮನೆಯವರಿಗೆ ಹೇಳಿದ್ದಳು. ನಾಲ್ಕೂ ಹೆಣ್ಣಾಗುವುದು ಹದಿನಾರರಲ್ಲಿ ಒಂದು. ಎಂದ ಮೇಲೆ ಈ ಸಾರಿ ಗಂಡಾಗುವುದು ಹದಿನಾರರಲ್ಲಿ ಹದಿನೈದು. ಅಜ್ಜಿಗೆ ಹಿಡಿಸಲಾರದಷ್ಟು ಸಂತೋಷ. ತಂದೆಯು ನೆಂಟರಿಗೆಲ್ಲ ಹೇಳಿ ಆಯಿತು. ಆದರೆ ಆ ರಾತ್ರಿ ತಾಯಿ ಮಾತ್ರ ಮಗಳನ್ನು ಹತ್ತಿರಕ್ಕೆ ಕರೆದು, "ಹದಿನೈದು ಪಾಲು ಗಂಡಿಗೇ ಇರುವಾಗಲೂ ನನಗೆ ಹೆಣ್ಣೇ ಆದರೆ, ತಪ್ಪು ನನ್ನದೇ ಎಂದಲ್ಲವೇ ಎಲ್ಲರೂ ಹೇಳುವುದು?" ಎಂದು ಕಣ್ಣೀರು ಹಾಕಿದಳಂತೆ.

"ಅಮ್ಮಾ, ನನ್ನ ಲೆಕ್ಕ ಸರಿಯಲ್ಲವೇ?" ಎಂದು ಹುಡುಗಿ ಕೇಳಿದಳು.

ನನಗೆ ಆ ಕ್ಷಣದಲ್ಲಿ ಮಾತು ಹೊರಡಲಿಲ್ಲ. ಮೇಜಿನ ಮೇಲಿದ್ದ ಕಾಗದವನ್ನು ಎಳೆದುಕೊಂಡು ಹದಿನಾರು ಸಾಲುಗಳನ್ನೂ ಅವಳ ಕೈಯಿಂದಲೇ ಬರೆಯಿಸಿದೆನು. "ನಿಮ್ಮ ಮನೆಯಲ್ಲಿ ಮೊದಲನೆಯವಳು ಹೆಣ್ಣು, ಅದು ನೀನು. ಮೊದಲು ಗಂಡೆಂದು ಬರೆದಿರುವ ಸಾಲುಗಳನ್ನೆಲ್ಲ ಹೊಡೆದುಹಾಕು" ಎಂದೆನು. ಎಂಟು ಸಾಲುಗಳು ಹೋದುವು. ಎರಡನೆಯವಳೂ ಹೆಣ್ಣು, ಇನ್ನು ನಾಲ್ಕು ಹೋದುವು. ಮೂರನೆಯವಳೂ ಹೆಣ್ಣು, ಇನ್ನೆರಡು ಹೋದುವು. ಕಾಗದದ ಮೇಲೆ ಉಳಿದದ್ದು ಎರಡೇ ಸಾಲುಗಳು: ಹೆಣ್ಣು ಹೆಣ್ಣು ಹೆಣ್ಣು ಹೆಣ್ಣು, ಹೆಣ್ಣು ಹೆಣ್ಣು ಹೆಣ್ಣು ಗಂಡು. ಹುಡುಗಿ ಬಹಳ ಹೊತ್ತು ಅದನ್ನು ನೋಡಿ, "ಅರ್ಧ" ಎಂದಳು.

ಹದಿನಾರರ ಲೆಕ್ಕವು ಒಂದು ಮಗುವೂ ಹುಟ್ಟುವುದಕ್ಕೆ ಮುಂಚಿನ ಲೆಕ್ಕ. ಮೂವರು ಹುಟ್ಟಿದ ಮೇಲೆ ಫಲಿತಗಣವೇ ಬದಲಾಯಿತು. ನೆಲಕ್ಕೆ ಬಿದ್ದ ಕವಡೆಗಳು ಇನ್ನೂ ಕೈಯಲ್ಲಿರುವ ಕವಡೆಯ ಕಿವಿಯಲ್ಲಿ ಏನನ್ನೂ ಹೇಳುವುದಿಲ್ಲ. ಮೂರು ಸಾರಿ ಬೋರಲಾಯಿತಲ್ಲ, ಈಗ ನಾನು ಮೇಲಾಗಬೇಕೆಂಬ ಋಣವು ನಾಲ್ಕನೆಯದಕ್ಕಿಲ್ಲ. ಇದನ್ನು ನಾನು ತರಗತಿಯಲ್ಲಿಯೇ ಹೇಳಬೇಕಾಗಿತ್ತು. ಬೇರೆ ಯಾರಿಗಾದರೂ ಮರೆತರೆ ಮರೆಯಬಹುದು. ನಾಲ್ಕನೆಯ ಮಗಳಾದ ನಾನು ಮರೆಯಬಾರದಾಗಿತ್ತು.

ಆ ಭಾನುವಾರ ಮಧ್ಯಾಹ್ನ ಬಸ್ಸಿನಲ್ಲಿ ಹುಡುಗಿಯೊಡನೆ ಅವರ ಊರಿಗೆ ಹೋದೆನು. ದಾರಿಯ ಎರಡು ಕಡೆಯೂ ಶ್ರೀನಿವಾಸಪುರದ ಮಾವಿನ ತೋಪುಗಳು. ಹೂ ಬಿಟ್ಟ ಕಾಲ. ತಂದೆಯು ಮರ್ಯಾದೆಯಿಂದ ಚಾಪೆ ಹಾಸಿ, "ಕೂತುಕೊಳ್ಳಿ ಟೀಚರಮ್ಮಾ, ಮಗಳು ಏನಾದರೂ ತಪ್ಪು ಮಾಡಿದಳೇ?" ಎಂದು ಗಾಬರಿಯಿಂದ ಕೇಳಿದನು. "ಅವಳಲ್ಲ, ನಾನು ಮಾಡಿದೆನು. ಅದನ್ನು ಹೇಳುವುದಕ್ಕೇ ಬಂದೆನು" ಎಂದು ಕೈಚೀಲದಿಂದ ಕವಡೆಗಳನ್ನು ತೆಗೆದೆನು. ಒಳಗಿನಿಂದ ಅಜ್ಜಿಯು, "ಅಷ್ಟಾ ಚಮ್ಮಾ ಆಡುವುದಕ್ಕೆ ಬಂದಿರೇನಮ್ಮಾ?" ಎಂದು ನಗುತ್ತ ಬಂದು ಕುಳಿತರು. ನಾನು ಮೂರು ಕವಡೆಗಳನ್ನು ಬೋರಲಾಗಿ ನೆಲದ ಮೇಲಿಟ್ಟು, ನಾಲ್ಕನೆಯದನ್ನು ಅಜ್ಜಿಯವರ ಕೈಗೆ ಕೊಟ್ಟು, "ಇದು ಹೇಗೆ ಬೀಳುವುದೆಂದು ಈ ಮೂರನ್ನು ನೋಡಿ ಹೇಳಬಲ್ಲಿರಾ?" ಎಂದು ಕೇಳಿದೆನು. ಆಡಿ ಆಡಿ ಪಳಗಿದ ಕೈ ಅದು. ಅವರು ಒಮ್ಮೆ ಕವಡೆಯನ್ನು, ಒಮ್ಮೆ ಸೊಸೆಯ ಮುಖವನ್ನು ನೋಡಿ, "ಹೇಗೆ ಹೇಳುವುದಮ್ಮಾ, ಅದರ ಇಷ್ಟ ಅದರದು" ಎಂದರು. ಅಂದು ನಾನು ಹೇಳಬೇಕೆಂದು ಹೋಗಿದ್ದ ಮಾತನ್ನು ಅಜ್ಜಿಯವರೇ ಹೇಳಿಬಿಟ್ಟರು.

ಆಗ ಹುಡುಗಿಯು ತಾನಾಗಿಯೇ ಬಾಯಿಬಿಟ್ಟಳು. ಮಗು ಹೆಣ್ಣಾಗುವುದೋ ಗಂಡಾಗುವುದೋ ತಾಯಿಯಿಂದ ನಿರ್ಧಾರವಾಗುವುದಿಲ್ಲವೆಂದೂ, ತಂದೆಯ ಬೀಜಾಣುವು ತರುವ ಎಕ್ಸ್ ಅಥವಾ ವೈ ವರ್ಣತಂತುವಿನಿಂದ ಆಗುವುದೆಂದೂ ವಿಜ್ಞಾನದ ಪಾಠದಲ್ಲಿ ಓದಿರುವೆನೆಂದು ತಲೆ ತಗ್ಗಿಸಿಕೊಂಡೇ ಹೇಳಿದಳು. ತಂದೆಯು ಸ್ವಲ್ಪ ಹೊತ್ತು ಸುಮ್ಮನಿದ್ದನು. ಬಾಗಿಲ ಮರೆಯಲ್ಲಿದ್ದ ತಾಯಿಯು ಆ ಮೇಲೆ ಹೊರಕ್ಕೆ ಬಂದು ಕುಳಿತಳು. ಅದುವರೆಗೆ ಅವಳು ಹೊರಗೆ ಬಂದಿರಲಿಲ್ಲ.

ನಾನು ಹೊರಡುವಾಗ ಆ ಮನುಷ್ಯನು ರಸ್ತೆಯವರೆಗೆ ಬಂದು ತನ್ನದೊಂದು ಪ್ರಶ್ನೆಯನ್ನು ಕೇಳಿದನು. "ಟೀಚರಮ್ಮಾ, ಹಾಗಾದರೆ ಬೋರ್‌ವೆಲ್ಲಿಗೂ ಇದೇ ಲೆಕ್ಕವೇ? ನೀರು ಬರುವುದು, ಬಾರದೆ ಹೋಗುವುದು, ಎರಡೇ ಅಲ್ಲವೇ? ಎರಡು ಕೊರೆಯಿಸಿದೆ, ಒಣಗಿಹೋದುವು. ಮೂರನೆಯದಕ್ಕೂ ಅರ್ಧ ಆಶೆ ಉಂಟಷ್ಟೆ?" ಸಾಲ ಮಾಡಿಯಾದರೂ ಮತ್ತೊಂದು ಕೊರೆಯಿಸಬೇಕೆಂಬ ಹಂಬಲ ಅವನ ಮಾತಿನಲ್ಲಿತ್ತು. ನಿತ್ಯ ಹರಿಯುವ ನದಿಯಿಲ್ಲದ ನಮ್ಮ ಜಿಲ್ಲೆಯಲ್ಲಿ ಸಾವಿರ ಅಡಿಯನ್ನು ಮೀರಿ ಕೊರೆದರೂ ಧೂಳು ಮಾತ್ರ ಬರುವ ಕಷ್ಟವನ್ನು ಕಾಣದ ಊರುಂಟೇ? ನಾನು ಹೇಳಿದೆನು: "ಹೆಸರು ಎರಡಿದ್ದರೆ ಪಾಲು ಸಮವೆಂದು ತಿಳಿಯಬೇಡಿರಿ. ಇದು ನಮ್ಮ ಹುಡುಗಿಯರು ಹನ್ನೊಂದು ಮೊತ್ತಗಳಲ್ಲಿ ಮಾಡಿದ ತಪ್ಪೇ. ಕವಡೆಗೆ ಹಿಂದಿನ ನೆನಪಿಲ್ಲ, ನೆಲಕ್ಕೆ ಉಂಟು. ನಿಮ್ಮ ಹೊಲದ ಕೆಳಗಿರುವುದು ಗಟ್ಟಿಬಂಡೆ. ನೀರಿರುವುದು ಅದರ ಬಿರುಕುಗಳಲ್ಲಿ ಮಾತ್ರ. ಪಕ್ಕದಲ್ಲಿಯೇ ಎರಡು ಬಾವಿಗಳು ಒಣಗಿದ್ದರೆ, ಅದು ಮೂರನೆಯದರ ವಿಷಯವಾಗಿ ನೆಲವೇ ಕೊಟ್ಟ ಸಾಕ್ಷಿ. ಅಕ್ಕಪಕ್ಕದ ಹೊಲಗಳಲ್ಲಿ ಎಷ್ಟು ಕೊರೆದರು, ಎಷ್ಟರಲ್ಲಿ ನೀರು ಬಂದಿತು, ಎಷ್ಟು ವರ್ಷ ನಿಂತಿತು ಎಂಬುದನ್ನು ಮೊದಲು ಬರೆದುಕೊಳ್ಳಿರಿ, ಬಲ್ಲವರನ್ನು ಕೇಳಿರಿ, ಆ ಮೇಲೆ ಸಾಲದ ಮಾತು." ೨೦೧೮ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರನ್ನು ನಮ್ಮ ಜಿಲ್ಲೆಯ ಕೆರೆಗಳಿಗೆ ಹರಿಯಿಸಲಾಗುತ್ತಿರುವುದರಿಂದ, ಹಳೆಯ ಎಣಿಕೆಯನ್ನು ಮತ್ತೆ ಮತ್ತೆ ಹೊಸದಾಗಿ ಮಾಡಬೇಕಾಗುವುದೆಂಬುದನ್ನೂ ಸೇರಿಸಿದೆನು.

ಹಿಂದಿರುಗುವ ಬಸ್ಸಿನಲ್ಲಿ ಯೋಚಿಸಿದಾಗ ನನಗೆ ತೋರಿದ್ದಿಷ್ಟು. ಸಂಭವನೀಯತೆಯ ಪಾಠದಲ್ಲಿ ಭಾಗಾಕಾರವು ಕೊನೆಯ ಕೆಲಸ, ಎಲ್ಲಕ್ಕಿಂತ ಸುಲಭವಾದ ಕೆಲಸ. ಮೊದಲನೆಯ ಕೆಲಸವಾದರೋ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು. ಆಗಬಹುದಾದುದೆಲ್ಲವನ್ನೂ ಬರೆದಿರುವೆನೇ? ಬರೆದುವೆಲ್ಲಕ್ಕೂ ಸಮಪಾಲು ಉಂಟೇ? ಈಗಾಗಲೇ ಆಗಿಹೋದುದನ್ನು ಪಟ್ಟಿಯಿಂದ ಹೊಡೆದುಹಾಕಿರುವೆನೇ? ದಲಂಬೇರನು ಮೊದಲನೆಯ ಎರಡರಲ್ಲಿ ಎಡವಿದನು, ರೈತನು ಎರಡನೆಯದರಲ್ಲಿ, ನನ್ನ ವಿದ್ಯಾರ್ಥಿನಿಯು, ಅವಳಿಗೆ ಕಲಿಸಿದ ನಾನು, ಮೂರನೆಯದರಲ್ಲಿ.

ಸತ್ಯಕ್ಕಾಗಿ ಇನ್ನೊಂದು ವಿಷಯವನ್ನು ಹೇಳಲೇಬೇಕು. ಹೆಣ್ಣುಗಂಡುಗಳು ನಿಸರ್ಗದಲ್ಲಿ ಕೂಡ ಸರಿಯಾಗಿ ಅರ್ಧರ್ಧವಲ್ಲ. ನೂರು ಹೆಣ್ಣು ಶಿಶುಗಳಿಗೆ ಸುಮಾರು ೧೦೫ ಗಂಡು ಶಿಶುಗಳು ಹುಟ್ಟುವುದುಂಟು. ಎಂದರೆ ಸಾವಿರ ಗಂಡಿಗೆ ಸುಮಾರು ೯೫೦ ಹೆಣ್ಣು. ಆದರೆ ೨೦೧೧ರ ಜನಗಣತಿಯಲ್ಲಿ ನಮ್ಮ ದೇಶದ ಆರು ವರ್ಷದೊಳಗಿನ ಮಕ್ಕಳಲ್ಲಿ ಸಾವಿರ ಗಂಡುಮಕ್ಕಳಿಗೆ ೯೨೦ ಹೆಣ್ಣುಮಕ್ಕಳು ಸಹ ಇರಲಿಲ್ಲ. ಈ ಕೊರತೆಯು ಕವಡೆಯ ಗುಣದಿಂದ ಬಂದುದಲ್ಲ. ಗರ್ಭದಲ್ಲಿರುವ ಮಗುವಿನ ಲಿಂಗವನ್ನು ಪತ್ತೆಮಾಡುವುದನ್ನು ೧೯೯೪ರ ಕಾಯಿದೆಯು ನಿಷೇಧಿಸಿದ್ದರೂ, ಮನುಷ್ಯರು ದಾಳದೊಳಕ್ಕೆ ಸೀಸ ತುಂಬಿದ್ದರಿಂದ ಬಂದದ್ದು. ಹದಿನಾರರಲ್ಲಿ ಹದಿನೈದೆಂಬ ತಪ್ಪು ಲೆಕ್ಕವೂ ಅಂಥ ಸೀಸದ ಒಂದು ಚೂರೇ ಆಗಬಹುದಾಗಿತ್ತೆಂದು ನೆನೆದರೆ ನನಗೆ ಇಂದಿಗೂ ಮೈ ನಡುಗುವುದು.

ಆ ತಾಯಿಗೆ ಯಾವ ಮಗು ಹುಟ್ಟಿತೆಂದು ಓದುಗರು ಕೇಳಬಹುದು. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಗಂಡೆಂದು ಬರೆದರೆ ಅಜ್ಜಿಯ ಲೆಕ್ಕವೇ ಸರಿಯಾಗಿತ್ತೆಂದು ಕೆಲವರು ಹೇಳುವರು. ಹೆಣ್ಣೆಂದು ಬರೆದರೆ ಟೀಚರಮ್ಮನ ಲೆಕ್ಕ ಗೆದ್ದಿತೆಂದು ಇನ್ನು ಕೆಲವರು ಹೇಳುವರು. ಎರಡೂ ತಪ್ಪು. ಅರ್ಧವೆಂಬ ಉತ್ತರವು ಮಗು ಹುಟ್ಟುವುದಕ್ಕೆ ಮುಂಚೆಯೇ ಸರಿಯಾಗಿತ್ತು. ಯಾವ ಮಗು ಹುಟ್ಟಿದರೂ ಅದು ಸರಿಯಾಗಿಯೇ ಉಳಿಯುವುದು. ತಾಯಿಯೂ ಮಗುವೂ ಕ್ಷೇಮವಾಗಿರುವರೆಂದು ಮಾತ್ರ ತಿಳಿಸುತ್ತೇನೆ. ಹುಡುಗಿಯು ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾಗಿ ಮುಂದಕ್ಕೆ ಓದುತ್ತಿರುವಳು. ಮೊನ್ನೆ ಶಾಲೆಗೆ ಬಂದವಳು, ತಂದೆಯು ಸುತ್ತಲಿನ ಬಾವಿಗಳ ಪಟ್ಟಿಯನ್ನು ಒಂದು ಹಳೆಯ ನೋಟುಪುಸ್ತಕದಲ್ಲಿ ಬರೆದಿಟ್ಟಿರುವರೆಂದೂ, ಮೂರನೆಯದನ್ನು ಇನ್ನೂ ಕೊರೆಯಿಸಿಲ್ಲವೆಂದೂ ಹೇಳಿದಳು.

ಕವಡೆಗಳು ಈಗ ನನ್ನ ಮೇಜಿನ ಸೆಳೆಖಾನೆಯಲ್ಲಿವೆ. ಹಳೆಯ ವಿದ್ಯಾರ್ಥಿನಿಯರು ಶಾಲೆಗೆ ಬಂದಾಗ ತಮ್ಮ ಹೆಣ್ಣುಮಕ್ಕಳನ್ನೂ ಕರೆದುಕೊಂಡು ಬರಲಿ. ಜಗಲಿಯ ಮೇಲೆ ಮಣೆ ಬರೆದು ಒಂದು ಆಟ ಆಡೋಣ. ಆಡುವುದಕ್ಕೆ ಮುಂಚೆ ಹದಿನಾರು ಸಾಲುಗಳನ್ನೂ ಅವರು ಬರೆದು ತೋರಿಸಬೇಕೆಂಬುದು ಮಾತ್ರ ನಮ್ಮ ಶಾಲೆಯ ನಿಯಮ.